ನೀವು ಬನ್ನಿ, ನಾವು ಸರಿಯಾಗಿ ಕೇಳುತ್ತೇವೆ

(ಹಾಸನದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಚರ್ಮ ಮತ್ತು ಲೈಂಗಿಕ ರೋಗಗಳ ವೈದ್ಯೆ. ಇವತ್ತು ಇಲ್ಲಿ ಹಾಸನ, ಅರಸೀಕೆರೆ, ಸಕಲೇಶಪುರ, ಚನ್ನರಾಯಪಟ್ಟಣದ ಕಡೆಯಿಂದ ಬಂದ ಮಂಗಳಮುಖಿ ಅಕ್ಕಂದಿರಿದ್ದೀರಿ. ಹೆಣ್ಣು ಅಂತ ಬೆಳೆಸಿದರೂ ಗಂಡಾಗಿ ಬದುಕುತ್ತಿರುವ ಟ್ರಾನ್ಸ್ ಗಂಡಸರೂ ಕೆಲವರು ಇದ್ದೀರಿ. ನಾಳೆ ವಾರ್ಡಿಗೆ ಕಾಲಿಡುವ ನರ್ಸಿಂಗ್ ಮಕ್ಕಳಿದ್ದೀರಿ. ದಿನಾ ಮನೆ ಮನೆ ತಿರುಗುವ ಆಶಾ ಅಕ್ಕಂದಿರಿದ್ದೀರಿ. ನೀವೆಲ್ಲ ಒಂದೇ ಕಡೆ ಕೂರುವುದು ಅಪರೂಪ. ಅದಕ್ಕೇ ಎಲ್ಲರಿಗೂ ಸೇರಿಸಿಯೇ ಮಾತಾಡುತ್ತೇನೆ.

ಲೈಂಗಿಕ ಸೋಂಕು ತಡೆಯುವ ಮಾತು ಬಂದ ಕೂಡಲೇ ನಾವು ಕಾಂಡೋಮ್ ಪೆಟ್ಟಿಗೆ ತೆಗೆಯುತ್ತೇವೆ. ಒಂದು ಹಿಡಿ ಕೊಟ್ಟು, "ಬಳಸಿ ಅಕ್ಕ" ಅಂತ ಹೇಳಿ ಕಳಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಕಾಂಡೋಮ್ ಬೇಕೇ ಬೇಕು. ಆದರೆ ಅದೊಂದರಿಂದಲೇ ಸೋಂಕು ನಿಲ್ಲುವುದಾಗಿದ್ದರೆ ಇಷ್ಟು ಹೊತ್ತಿಗೆ ನಿಂತಿರಬೇಕಿತ್ತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, 2021ರಲ್ಲಿ ನಡೆಸಿದ ಸಮೀಕ್ಷೆ ನೋಡಿ. ಹಿಜಡಾ ಮತ್ತು ಟ್ರಾನ್ಸ್‌ಜೆಂಡರ್ ಸಮುದಾಯದಲ್ಲಿ 100 ಜನರಲ್ಲಿ ಸುಮಾರು 4 ಜನರಿಗೆ ಎಚ್‌ಐವಿ ಇತ್ತು. ದೇಶದ ಒಟ್ಟು ವಯಸ್ಕರನ್ನು ತೆಗೆದುಕೊಂಡರೆ 1000 ಜನರಲ್ಲಿ ಸುಮಾರು 2. ಎಷ್ಟು ಅಂತರ ನೋಡಿ.

ಈ ಅಂತರ ಎಲ್ಲಿಂದ ಬಂತು? ಸ್ವಲ್ಪ ಮಟ್ಟಿಗೆ ದೇಹದ ಕಾರಣವಿದೆ. ಗುದದ್ವಾರದ ಒಳಪೊರೆ ತುಂಬಾ ತೆಳು, ಬೇಗ ಹರಿಯುತ್ತದೆ, ಅಲ್ಲಿಂದ ಸೋಂಕು ಸುಲಭವಾಗಿ ಒಳಗೆ ಹೋಗುತ್ತದೆ. ಆದರೆ ದೊಡ್ಡ ಕಾರಣ ಬೇರೆ. ಹದಿನಾರು ಹದಿನೇಳರ ವಯಸ್ಸಿಗೆ ಮನೆಯಿಂದ ಹೊರಗೆ ಹಾಕಿಸಿಕೊಂಡ ಮಗು, ಓದು ಅರ್ಧಕ್ಕೆ ನಿಂತ ಮಗು, ಬಾಡಿಗೆಗೆ ರೂಮು ಸಿಗದ ಮಗು ಹೊಟ್ಟೆಪಾಡಿಗೆ ಏನು ಮಾಡಬೇಕು? ರಾತ್ರಿ ಹೈವೇ ಪಕ್ಕ ನಿಂತಾಗ, "ಕಾಂಡೋಮ್ ಬೇಡ, ಇನ್ನೂರು ಜಾಸ್ತಿ ಕೊಡ್ತೀನಿ" ಅನ್ನುವವನ ಜೊತೆ ಚೌಕಾಸಿ ಮಾಡುವ ಶಕ್ತಿ ಆ ಮಗುವಿಗೆ ಎಷ್ಟಿರುತ್ತದೆ? ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ 75ನೇ ರಾಷ್ಟ್ರೀಯ ಹೆದ್ದಾರಿ ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಶಿರಾಡಿ ಘಾಟಿ ಹತ್ತುವ, ಇಳಿಯುವ ಲಾರಿಗಳೆಲ್ಲ ಇದೇ ದಾರಿಯಲ್ಲಿ. ಆ ರಸ್ತೆಯ ಕತ್ತಲಲ್ಲಿ ಏನು ನಡೆಯುತ್ತದೆ ಅಂತ ಇಲ್ಲಿ ಕೂತಿರುವ ಅಕ್ಕಂದಿರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಕಾರಣ ನಾವೇ, ಆಸ್ಪತ್ರೆಯವರು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸೋಂಕಿನ ವಿಷಯ. ಲೈಂಗಿಕ ಸೋಂಕು ಬಂದರೆ ಉರಿ ಬರುತ್ತದೆ, ಕೀವು ಬರುತ್ತದೆ, ಹುಣ್ಣು ಕಾಣುತ್ತದೆ, ಆಗ ಡಾಕ್ಟರ ಹತ್ತಿರ ಹೋದರಾಯಿತು ಅಂತ ತುಂಬಾ ಜನ ನಂಬಿದ್ದಾರೆ. ಈ ನಂಬಿಕೆಯೇ ಅಪಾಯ. ಗೊನೊರಿಯಾ ತೆಗೆದುಕೊಳ್ಳಿ. ಮೂತ್ರದ ದಾರಿಗೆ ತಗಲಿದರೆ ಸಾಮಾನ್ಯವಾಗಿ ವಾರದೊಳಗೆ ಉರಿ, ಕೀವು ಕಾಣುತ್ತದೆ. ಅದೇ ಗೊನೊರಿಯಾ ಗುದದ್ವಾರಕ್ಕೋ ಗಂಟಲಿಗೋ ತಗಲಿದರೆ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಕೀವಿಲ್ಲ. ಊಟ, ನಿದ್ದೆ ಎಲ್ಲ ಸರಿಯಾಗಿರುತ್ತದೆ. ಕ್ಲಮಿಡಿಯಾ ಕೂಡ ಹಾಗೆಯೇ. ಅವರಿಂದ ಬೇರೆಯವರಿಗೆ ಮಾತ್ರ ಸುಮ್ಮನೆ ಹರಡುತ್ತಲೇ ಇರುತ್ತದೆ.

ಸಿಫಿಲಿಸ್ ಇನ್ನೂ ಕಪಟಿ. ಸೋಂಕು ತಗಲಿ ಸುಮಾರು ಮೂರು ವಾರಕ್ಕೆ ಒಂದು ಹುಣ್ಣಾಗುತ್ತದೆ. ಆ ಹುಣ್ಣು ನೋಯುವುದಿಲ್ಲ. ಗುದದ್ವಾರದ ಒಳಗೋ ಬಾಯೊಳಗೋ ಆಗಿದ್ದರೆ ಕಣ್ಣಿಗೂ ಬೀಳುವುದಿಲ್ಲ. ಔಷಧಿ ಇಲ್ಲದೆ ತಾನಾಗಿಯೇ ಒಣಗುತ್ತದೆ. ಕೆಲವು ವಾರ ಬಿಟ್ಟು ಮೈಮೇಲೆ ಗಂಧೆ ಏಳುತ್ತದೆ, ಎಷ್ಟೋ ಸಲ ಅಂಗೈ ಅಂಗಾಲಿನಲ್ಲಿ. ಅದು ಕೂಡ ಹೋಗುತ್ತದೆ. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ಆದರೆ ಸೋಂಕು ಒಳಗೆ ಇದ್ದೇ ಇರುತ್ತದೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಮುಂದೆ ಹೃದಯ, ಮೆದುಳು, ಕಣ್ಣಿನ ತನಕ ಹೋಗಬಹುದು. ಸಿಫಿಲಿಸ್ ಹುಣ್ಣು ಇರುವಾಗ ಎಚ್‌ಐವಿ ತಗಲುವ ಸಾಧ್ಯತೆಯೂ ಜಾಸ್ತಿ.

ನನ್ನ ಹತ್ತಿರ ಬಂದಿದ್ದ ಒಬ್ಬ ಅಕ್ಕನ ಅಂಗೈ ತುಂಬಾ ಕಂದು ಬಣ್ಣದ ಕಲೆಗಳಿದ್ದವು. ಬೇರೊಂದು ಕಡೆ ತೋರಿಸಿ, ಸೋಪಿನ ಅಲರ್ಜಿ ಅಂತ ಹೇಳಿಸಿಕೊಂಡು, ಮುಲಾಮು ಹಚ್ಚಿಕೊಂಡು ತಿಂಗಳು ಕಳೆದಿದ್ದರು. ಅಲ್ಲಿ ಯಾರೂ ಅವರ ಅಂಗೈಯನ್ನು ಹಿಡಿದು ನೋಡಿರಲಿಲ್ಲವಂತೆ. ದೂರದಿಂದಲೇ ನೋಡಿ ಚೀಟಿ ಬರೆದರಂತೆ. ರಕ್ತ ಪರೀಕ್ಷೆ ಮಾಡಿದೆವು, ಸಿಫಿಲಿಸ್ ಇತ್ತು. ಪೆನಿಸಿಲಿನ್ ಇಂಜೆಕ್ಷನ್ ಒಂದೇ ಸಲ, ಸೊಂಟದ ಎರಡೂ ಕಡೆಗೆ ಹಂಚಿ ಕೊಟ್ಟೆವು. ಶುರುವಿನ ಹಂತದ ಸಿಫಿಲಿಸ್‌ಗೆ ಅಷ್ಟು ಸಾಕು. ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು ಬೇಕು. ಇಷ್ಟು ಸುಲಭದ ಚಿಕಿತ್ಸೆ ಇರುವ ಕಾಯಿಲೆ, ಕೈ ಮುಟ್ಟಿ ನೋಡದ ಕಾರಣಕ್ಕೆ ತಿಂಗಳುಗಟ್ಟಲೆ ಉಳಿದುಬಿಟ್ಟಿತು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಹಾಗಾಗಿ ಸಮುದಾಯದವರಿಗೆ ನನ್ನ ಮಾತು ಇಷ್ಟೇ: ಲಕ್ಷಣಕ್ಕೆ ಕಾಯಬೇಡಿ. ಮೂರು ತಿಂಗಳಿಗೊಮ್ಮೆ ತಪಾಸಣೆ, ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ರಕ್ತ ಪರೀಕ್ಷೆ ಅಂತ ನ್ಯಾಕೋ ಕಾರ್ಯಕ್ರಮದಲ್ಲೇ ಇದೆ. ಧಂದಾದಲ್ಲಿ, ಅಂದರೆ ಲೈಂಗಿಕ ವೃತ್ತಿಯಲ್ಲಿ ಇರುವವರು, ಜೊತೆಗಾರರು ಜಾಸ್ತಿ ಇರುವವರು ರಕ್ತ ಪರೀಕ್ಷೆಯನ್ನೂ ಮೂರು ತಿಂಗಳಿಗೆ ಮಾಡಿಸಿದರೆ ಒಳ್ಳೆಯದು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆ ಉಚಿತ. ಸುರಕ್ಷಾ ಕ್ಲಿನಿಕ್‌ನಲ್ಲಿ ಲೈಂಗಿಕ ಸೋಂಕಿನ ಚಿಕಿತ್ಸೆ ಉಚಿತ. ಔಷಧಿಗಳು ಬಣ್ಣದ ಕಿಟ್‌ಗಳಲ್ಲಿ ಬರುತ್ತವೆ. ಬೂದು ಬಣ್ಣದ್ದು ಕೀವಿನ ತೊಂದರೆಗೆ, ಬಿಳಿ ಬಣ್ಣದ್ದು ಹುಣ್ಣಿಗೆ, ಕೆಂಪು ನೀರ್ಗುಳ್ಳೆ ಏಳುವ ಹರ್ಪಿಸ್‌ಗೆ, ಹೀಗೆ. ಪರೀಕ್ಷೆಗೆ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ ಬೇಕಾಗಿಲ್ಲ. ಸಕಲೇಶಪುರದಿಂದ, ಅರಸೀಕೆರೆಯಿಂದ ಬರಲು ಬಸ್ ಚಾರ್ಜ್ ಇಲ್ಲ ಅನ್ನುವ ಮಾತೂ ಈಗ ಬೇಡ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಉಚಿತ.

ದಯವಿಟ್ಟು ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ನುಂಗಬೇಡಿ. ಗೊನೊರಿಯಾಗೆ ಒಂದು ಕಾಲದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಕೆಲಸ ಮಾಡುತ್ತಿತ್ತು. ಈಗ ಆ ರೋಗಾಣು ಅದಕ್ಕೆ ಬಗ್ಗುವುದಿಲ್ಲ. ಉರಿ ಸ್ವಲ್ಪ ಕಡಿಮೆ ಆದ ಹಾಗೆ ಅನಿಸುತ್ತದೆ, ಸೋಂಕು ಒಳಗೇ ಉಳಿಯುತ್ತದೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಅಂಟಿಸಿರುವ "ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ" ಪೋಸ್ಟರ್‌ಗಳ ನಂಬರಿಗೆ ಫೋನ್ ಮಾಡುವ ಬದಲು 1097ಕ್ಕೆ ಮಾಡಿ. ಅದು ನ್ಯಾಕೋದ ಉಚಿತ ಸಹಾಯವಾಣಿ.

ಈಗ ಸ್ವಲ್ಪ ಸೂಕ್ಷ್ಮದ ವಿಷಯ. ಗಿರಾಕಿ ಜೊತೆ ಕಾಂಡೋಮ್ ತಪ್ಪದೆ ಬಳಸುವ ಅಕ್ಕಂದಿರು ಗಂಡನ ಜೊತೆ ಬಳಸುವುದಿಲ್ಲ. ನಿಮ್ಮಲ್ಲಿ ಕೆಲವರು ನಗುತ್ತಿದ್ದೀರಿ, ನಿಜ ಅಲ್ವಾ? ಕಾರಣ ನನಗೆ ಅರ್ಥವಾಗುತ್ತದೆ. ಗಿರಾಕಿ ಬರುತ್ತಾನೆ, ಹೋಗುತ್ತಾನೆ. ಗಂಡ ಅಂದರೆ ಮನೆ. ಮನೆಯವರು ಕೈಬಿಟ್ಟ ಮೇಲೆ "ನೀನು ನನ್ನವಳು" ಅಂದ ಒಬ್ಬ ಮನುಷ್ಯ. ಅವನ ಮುಂದೆ ಕಾಂಡೋಮ್ ತೆಗೆದರೆ, "ನನ್ನ ಮೇಲೆ ಅನುಮಾನವಾ? ಇಲ್ಲಾ ನೀನೇ ಏನಾದರೂ ತಂದಿದ್ದೀಯಾ?" ಅನ್ನುತ್ತಾನೆ. ಜಗಳ, ಕೆಲವು ಸಲ ಹೊಡೆತ. ಅವನು ಬಿಟ್ಟು ಹೋದರೆ ಅನ್ನುವ ಹೆದರಿಕೆ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಸುಮ್ಮನಾಗುತ್ತೀರಿ.

ಆದರೆ ಆ ಗಂಡನಿಗೆ ಊರಿನಲ್ಲಿ ಹೆಂಡತಿ ಇರಬಹುದು. ಅವನೂ ಬೇರೆ ಕಡೆ ಹೋಗುತ್ತಿರಬಹುದು. ಪ್ರೀತಿ ಇದೆ ಅಂತ ರೋಗಾಣು ನಿಲ್ಲುವುದಿಲ್ಲ. ನಾನು "ಅವನನ್ನು ಬಿಟ್ಟುಬಿಡಿ" ಅಂತ ಹೇಳುವವಳಲ್ಲ, ಅದು ನನ್ನ ಕೆಲಸವೂ ಅಲ್ಲ. ಕಾಂಡೋಮ್ ಬಗ್ಗೆ ಜಗಳ ಆಗುತ್ತದೆ ಅಂದರೆ ಪರೀಕ್ಷೆಯಿಂದ ಶುರು ಮಾಡಿ. "ಇಬ್ಬರೂ ಒಂದು ಸಲ ರಕ್ತ ಚೆಕ್ ಮಾಡಿಸಿಕೊಳ್ಳೋಣ, ಬಾ" ಅನ್ನಿ. ನಮ್ಮ ಹತ್ತಿರ ಕರೆದುಕೊಂಡು ಬನ್ನಿ, ಆ ಮಾತು ನಾವು ಆಡುತ್ತೇವೆ. ಡಾಕ್ಟರು ಹೇಳಿದರು ಅಂದರೆ ಕೆಲವು ಗಂಡಸರು ಕೇಳುತ್ತಾರೆ. ನಿಮಗೆ ಸೋಂಕಿಗೆ ಚಿಕಿತ್ಸೆ ಕೊಟ್ಟು ಅವನಿಗೆ ಕೊಡದಿದ್ದರೆ ಮತ್ತೆ ನಿಮಗೇ ಬರುತ್ತದೆ. ಜೊತೆಗಾರರಿಗೂ ಚಿಕಿತ್ಸೆ ಕೊಡುವುದು ನಮ್ಮ ನಿಯಮದಲ್ಲೇ ಇದೆ.

ಕಾಂಡೋಮ್ ಬಳಸುವ ರೀತಿಯ ಬಗ್ಗೆಯೂ ಒಂದೆರಡು ಮಾತು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ರಬ್ಬರ್ ಕೊಳೆತು ಒಡೆಯುತ್ತದೆ. ನೀರಿನ ಅಂಶದ ಜೆಲ್ ಮಾತ್ರ ಬಳಸಿ. ಎರಡು ಹಾಕಿಕೊಂಡರೆ ಡಬಲ್ ಸುರಕ್ಷೆ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಕೆಲಸ ಆದ ಮೇಲೆ ಡೆಟಾಲ್ ಹಾಕಿ ತೊಳೆಯುವುದು ಬೇಡವೇ ಬೇಡ. ಒಳಪೊರೆ ಸುಟ್ಟು ಗಾಯವಾಗುತ್ತದೆ, ಮುಂದಿನ ಸಲ ಸೋಂಕಿಗೆ ಬಾಗಿಲು ತೆರೆದ ಹಾಗೆ. ಪರ್ಸಿನಲ್ಲಿ ಕಾಂಡೋಮ್ ಇದ್ದರೆ ಪೊಲೀಸರು ಹಿಡಿಯುತ್ತಾರೆ ಅನ್ನುವ ಭಯ ನಿಮಗೆ ಇದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿದೆ. ಲೈಂಗಿಕ ಕಾರ್ಯಕರ್ತರ ಹತ್ತಿರ ಕಾಂಡೋಮ್ ಇದೆ ಅನ್ನುವುದನ್ನು ಅಪರಾಧಕ್ಕೆ ಸಾಕ್ಷಿ ಅಂತ ತೋರಿಸುವಂತಿಲ್ಲ. ಇದನ್ನು ನೀವು ತಿಳಿದುಕೊಂಡಿರಬೇಕು. ಪೊಲೀಸರಿಗೂ ಯಾರಾದರೂ ಹೋಗಿ ತಿಳಿಸಬೇಕು.

ಕಾಂಡೋಮ್ ಒಡೆಯಿತು, ಅಥವಾ ಯಾರೋ ಬಲವಂತ ಮಾಡಿದರು ಅಂದುಕೊಳ್ಳಿ. ಅಳುತ್ತಾ ರೂಮಿನಲ್ಲಿ ಕೂರಬೇಡಿ. 72 ಗಂಟೆಯೊಳಗೆ ಆಸ್ಪತ್ರೆಗೆ ಬಂದರೆ ಎಚ್‌ಐವಿ ತಡೆಯುವ ಮಾತ್ರೆ ಕೊಡುತ್ತಾರೆ. ಪೆಪ್ ಅಂತ ಹೆಸರು. 28 ದಿನ ತಪ್ಪದೆ ನುಂಗಬೇಕು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಬೆಳಗಾಗಲಿ ಅಂತ ಕೂಡ ಕಾಯಬೇಡಿ.

ಪ್ರೆಪ್ ಅಂತ ಇನ್ನೊಂದಿದೆ. ಸೋಂಕು ಇಲ್ಲದವರು ಮುಂಚೆಯೇ ದಿನಾ ಒಂದು ಮಾತ್ರೆ ತೆಗೆದುಕೊಂಡರೆ ಎಚ್‌ಐವಿ ತಗಲುವುದನ್ನು ತಡೆಯುತ್ತದೆ. ವೈದ್ಯರ ಸಲಹೆ, ಪರೀಕ್ಷೆ ಆದ ಮೇಲೆಯೇ ಶುರು ಮಾಡಬೇಕು. ತುಂಬಾ ಅಕ್ಕಂದಿರು, "ಇದನ್ನು ತಗೊಂಡರೆ ನನ್ನ ಹಾರ್ಮೋನ್ ಕೆಲಸ ಮಾಡುತ್ತಾ?" ಅಂತ ಹಿಂಜರಿಯುತ್ತಾರೆ. ಹಾರ್ಮೋನಿನ ಕೆಲಸವನ್ನು ಪ್ರೆಪ್ ಕೆಡಿಸುವುದಿಲ್ಲ. ಎದೆ ಬೆಳವಣಿಗೆ ನಿಲ್ಲುತ್ತದೆ ಅನ್ನುವುದು ಸುಳ್ಳು. ಆದರೆ ಒಂದು ಎಚ್ಚರಿಕೆ. ಬೇಕಾದಾಗ ಮಾತ್ರ ನಾಲ್ಕು ಮಾತ್ರೆ ತೆಗೆದುಕೊಳ್ಳುವ ಒಂದು ಪದ್ಧತಿ ಕೆಲವು ಗಂಡಸರಿಗೆ ಇದೆ. ಈಸ್ಟ್ರೋಜನ್, ಅಂದರೆ ಹೆಣ್ಣಿನ ಹಾರ್ಮೋನ್ ತೆಗೆದುಕೊಳ್ಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹೇಳಿಲ್ಲ. ನಿಮಗೆ ದಿನಾ ಒಂದು ಮಾತ್ರೆಯೇ ಸರಿ. ಮತ್ತೆ ಪ್ರೆಪ್ ತಡೆಯುವುದು ಎಚ್‌ಐವಿಯನ್ನು ಮಾತ್ರ. ಸಿಫಿಲಿಸ್, ಗೊನೊರಿಯಾ ಅದಕ್ಕೆ ಹೆದರುವುದಿಲ್ಲ.

ಹಾರ್ಮೋನ್ ಇಂಜೆಕ್ಷನ್ ಮಾತು ಬಂತಲ್ಲ. ಒಂದೇ ಸೂಜಿಯಲ್ಲಿ ಇಬ್ಬರು ಮೂವರು ಚುಚ್ಚಿಕೊಳ್ಳುವುದು, ಒಂದೇ ಬ್ಲೇಡಿನಲ್ಲಿ ಗಡ್ಡ ತೆಗೆಯುವುದು, ಇವುಗಳಿಂದ ಹೆಪಟೈಟಿಸ್ ಬಿ, ಸಿ ಅನ್ನುವ ಲಿವರ್ ಸೋಂಕು ಬರುತ್ತವೆ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಆರು ತಿಂಗಳಲ್ಲಿ ಮೂರು ಡೋಸ್. ಹೆಪಟೈಟಿಸ್ ಸಿ ಬಂದರೂ ಈಗ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ಗುಣವಾಗುತ್ತದೆ.

ಈಗ ಆಸ್ಪತ್ರೆಯವರ ಕಡೆ ತಿರುಗುತ್ತೇನೆ. ನರ್ಸಿಂಗ್ ಮಕ್ಕಳೇ, ಸ್ವಲ್ಪ ಗಮನ ಕೊಡಿ.

ಒಬ್ಬ ಮಂಗಳಮುಖಿ ನಿಮ್ಮ ಒಪಿಡಿಗೆ ಬರುತ್ತಾರೆ ಅಂದುಕೊಳ್ಳಿ. ಚೀಟಿ ಬರೆಸುವ ಕಿಟಕಿಯಲ್ಲಿ ಅವರು ಬಿಟ್ಟುಬಂದ ಹಳೆಯ ಹೆಸರನ್ನು ಜೋರಾಗಿ ಕೂಗುತ್ತಾರೆ. ಇಡೀ ಸಾಲು ತಿರುಗಿ ನೋಡುತ್ತದೆ. ಗಂಡಸರ ಸಾಲಿನಲ್ಲಿ ನಿಂತರೆ ಚುಡಾಯಿಸುತ್ತಾರೆ, ಹೆಂಗಸರ ಸಾಲಿನಲ್ಲಿ ನಿಂತರೆ ಬೈಯುತ್ತಾರೆ. ಡಾಕ್ಟರ ರೂಮಿಗೆ ಹೋದರೆ, ನೋಡಲಿಕ್ಕೆ ಅಂತ ನಾಲ್ಕು ಜನ ವಿದ್ಯಾರ್ಥಿಗಳು ಬಂದು ನಿಲ್ಲುತ್ತಾರೆ. ಇಷ್ಟೆಲ್ಲ ಆದ ಮೇಲೆ ಆ ಅಕ್ಕ, "ಜ್ವರ ಇತ್ತು" ಅಂತ ಹೇಳಿ ಪ್ಯಾರಾಸಿಟಮಾಲ್ ತೆಗೆದುಕೊಂಡು ಹೋಗುತ್ತಾರೆ. ಗುದದ್ವಾರದ ಹುಣ್ಣು ಹಾಗೇ ಇರುತ್ತದೆ. ಮತ್ತೆ ಅವರು ಆ ಕಡೆ ಬರುವುದಿಲ್ಲ. ತನ್ನ ಚೇಲಾಗಳಿಗೂ, ಅಂದರೆ ಶಿಷ್ಯೆಯರಿಗೂ, "ಅಲ್ಲಿಗೆ ಹೋಗಬೇಡಿ" ಅಂತ ಹೇಳುತ್ತಾರೆ. ಒಂದು ಕೆಟ್ಟ ಒಪಿಡಿ ದಿನ, ಒಂದಿಡೀ ಮನೆತನವನ್ನು ಆಸ್ಪತ್ರೆಯಿಂದ ದೂರ ಮಾಡುತ್ತದೆ.

ಏನು ಮಾಡಬೇಕು? "ನಿಮ್ಮನ್ನು ಏನಂತ ಕರೀಬೇಕು?" ಅಂತ ಮೊದಲು ಕೇಳಿ. ಅವರು ಹೇಳಿದ ಹೆಸರಿನಲ್ಲೇ ಕರೆಯಿರಿ. ಬಾಗಿಲು ಹಾಕಿ. ಆಮೇಲೆ ಅಂದಾಜು ಮಾಡುವುದನ್ನು ಬಿಡಿ. ಸೀರೆ ಉಟ್ಟಿದ್ದಾರೆ ಅಂತ ದೇಹ ಹೀಗೇ ಇರುತ್ತದೆ, ಸಂಬಂಧ ಹೀಗೇ ಇರುತ್ತದೆ ಅಂತ ತೀರ್ಮಾನ ಮಾಡಬೇಡಿ. ಕೆಲವರು ನಿರ್ವಾಣ ಆಗಿರುತ್ತಾರೆ, ಅಂದರೆ ಗಂಡಿನ ಜನನಾಂಗ ತೆಗೆಸಿಕೊಂಡಿರುತ್ತಾರೆ, ಕೆಲವರು ಆಗಿರುವುದಿಲ್ಲ. ಕೆಲವರು ಆಸ್ಪತ್ರೆಯಲ್ಲಿ ಯೋನಿ ರಚನೆಯ ಆಪರೇಷನ್ ಮಾಡಿಸಿಕೊಂಡಿರುತ್ತಾರೆ. ನಿರ್ವಾಣ ಆದವರಲ್ಲಿ ಮೂತ್ರದ ರಂಧ್ರ ಕಿರಿದಾಗಿ ಪದೇ ಪದೇ ಉರಿಮೂತ್ರ ಬರಬಹುದು. ಅದನ್ನು ಲೈಂಗಿಕ ಸೋಂಕು ಅಂತ ತಿಳಿದು ಸುಮ್ಮನೆ ಕಿಟ್ ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಉಲ್ಟಾ ಆಗುವುದೂ ಇದೆ, ನಿಜವಾದ ಸೋಂಕನ್ನು ಆಪರೇಷನ್ ತೊಂದರೆ ಅಂತ ಬಿಟ್ಟುಬಿಡುವುದು.

ಹಾಗಾಗಿ ಕೇಳಬೇಕಾದ್ದು, "ಚಿಕಿತ್ಸೆಗೆ ಬೇಕು ಅಂತ ಕೇಳುತ್ತಿದ್ದೇನೆ, ಇಷ್ಟವಿಲ್ಲದಿದ್ದರೆ ಹೇಳಬೇಡಿ. ಸಂಪರ್ಕ ಆಗುವುದು ಬಾಯಿಯಲ್ಲೋ, ಹಿಂದೆಯೋ, ಮುಂದೆಯೋ?" ಅಂತ. ಮುಜುಗರ ಪಡದೆ, ಮುಖ ಕಿವುಚದೆ, ರಕ್ತದೊತ್ತಡ ಕೇಳಿದಷ್ಟೇ ಸಹಜವಾಗಿ. ಉತ್ತರ ಬಂದ ಜಾಗವನ್ನೆಲ್ಲ ಪರೀಕ್ಷೆ ಮಾಡಿ. ಮೂತ್ರ ಮಾತ್ರ ಪರೀಕ್ಷೆಗೆ ಕಳಿಸಿದರೆ ಗಂಟಲಿನ, ಗುದದ್ವಾರದ ಸೋಂಕು ತಪ್ಪಿಹೋಗುತ್ತದೆ.

ಟ್ರಾನ್ಸ್ ಗಂಡಸರನ್ನಂತೂ ನಾವು ಲೆಕ್ಕಕ್ಕೇ ಇಟ್ಟಿಲ್ಲ. ಗಡ್ಡ ಇದೆ, ಶರ್ಟ್ ಹಾಕಿದ್ದಾರೆ, ಹೆಸರು ಗಂಡಿನದು. ಆದರೆ ಗರ್ಭಕೋಶ, ಗರ್ಭಕೊರಳು ಇರಬಹುದು. ಟೆಸ್ಟೋಸ್ಟಿರೋನ್, ಅಂದರೆ ಗಂಡಿನ ಹಾರ್ಮೋನ್ ತೆಗೆದುಕೊಂಡರೆ ಯೋನಿಯ ಪೊರೆ ಒಣಗಿ ತೆಳುವಾಗುತ್ತದೆ, ಬೇಗ ಹರಿಯುತ್ತದೆ, ಸೋಂಕಿನ ಅಪಾಯ ಹೆಚ್ಚುತ್ತದೆ. ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಅವರಿಗೂ ಬೇಕು. ಅವರನ್ನು ಹೆರಿಗೆ ವಿಭಾಗದ ಹೊರಗೆ ಬೆಂಚಿನ ಮೇಲೆ ಎಲ್ಲರ ಮಧ್ಯೆ ಕೂರಿಸದೆ ಬೇರೆ ಹೊತ್ತಿನಲ್ಲಿ ಕರೆಯಿರಿ. ಅಷ್ಟು ಮಾಡುವುದು ಕಷ್ಟವೇನಲ್ಲ.

ಕಾನೂನಿನ ಮಾತು ಚಿಕ್ಕದಾಗಿ. ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ನಾಲ್ಸಾ ತೀರ್ಪು ಕೊಟ್ಟು, ತನ್ನ ಲಿಂಗ ಯಾವುದು ಅಂತ ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಅಂತ ಹೇಳಿತು. ಎಚ್‌ಐವಿ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್‌ನಲ್ಲಿ ಜಾರಿಯಾಯಿತು. ಅದರ ಪ್ರಕಾರ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ. ಅಂದರೆ ಕೇಸ್ ಶೀಟ್ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆದು ಎಲ್ಲರಿಗೂ ಕಾಣುವ ಹಾಗೆ ನೇತುಹಾಕುವುದು ತಪ್ಪು.

ಇನ್ನು ಸಮುದಾಯದ ಮನೆಗಳನ್ನು ನಡೆಸುವ ಹಿರಿಯರಿಗೆ, ಅಂದರೆ ಗುರುಗಳಿಗೆ ಒಂದು ಕೋರಿಕೆ. ನಿಮ್ಮ ಮಾತನ್ನು ಚೇಲಾಗಳು ನಮ್ಮ ಮಾತಿಗಿಂತ ಜಾಸ್ತಿ ಕೇಳುತ್ತಾರೆ. ಜಲ್ಸಾಗೆ, ಹಬ್ಬಕ್ಕೆ ಎಲ್ಲರೂ ಸೇರಿದಾಗ ಪರೀಕ್ಷೆಯ ಮಾತನ್ನೂ ಎತ್ತಿ. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಊರು ತುಂಬಾ ಜನ. ಬೇರೆ ಜಿಲ್ಲೆಯ ಅಕ್ಕಂದಿರೂ ಬರುತ್ತಾರೆ. ಆ ದಿನಗಳಲ್ಲಿ ಸಂಜೆ ಹೊತ್ತು ಒಂದು ಪರೀಕ್ಷಾ ಶಿಬಿರ ಇಟ್ಟರೆ ಎಷ್ಟೋ ಜನರನ್ನು ತಲುಪಬಹುದು. ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಮಾತ್ರ ತೆರೆದಿರುವ ಕ್ಲಿನಿಕ್ ರಾತ್ರಿ ಕೆಲಸ ಮಾಡಿ ಬೆಳಗ್ಗೆ ಮಲಗುವವರಿಗೆ ಹೇಗೆ ಸಿಗಬೇಕು ಹೇಳಿ? ವಾರದಲ್ಲಿ ಒಂದು ಸಂಜೆಯಾದರೂ ತೆರೆಯಿರಿ ಅಂತ ನಾನು ಹೋದಲ್ಲೆಲ್ಲ ಕೇಳುತ್ತಿದ್ದೇನೆ. ಇಲ್ಲೂ ಕೇಳುತ್ತೇನೆ.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಮೂರನ್ನು ಬರೆಯುತ್ತೇನೆ.

"ಮೇಡಂ, ಎಚ್‌ಐವಿ ಇದೆ ಅಂತ ಗೊತ್ತಾದರೆ ಗುರು ಮನೆಯಿಂದ ಹೊರಗೆ ಹಾಕುತ್ತಾರೆ. ಅದಕ್ಕೇ ಪರೀಕ್ಷೆ ಮಾಡಿಸಲು ಭಯ" ಅಂತ ಒಬ್ಬರು ಹೇಳಿದರು. ಅದಕ್ಕೆ ನಾನು ಹೇಳಿದ್ದು: ಫಲಿತಾಂಶ ನಿಮ್ಮ ಕೈಗೆ ಮಾತ್ರ ಬರುತ್ತದೆ, ಯಾರಿಗೆ ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಎಆರ್‌ಟಿ ಕೇಂದ್ರದಲ್ಲಿ ಎಚ್‌ಐವಿ ಹತ್ತಿಕ್ಕುವ ಮಾತ್ರೆ ಉಚಿತ, ಹೆಚ್ಚಿನವರಿಗೆ ದಿನಕ್ಕೆ ಒಂದೇ. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಪತ್ತೆಗೆ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ನಿಂತ ಮೇಲೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಎಚ್‌ಐವಿ ಹರಡುವುದಿಲ್ಲ. ಗುರುಗಳು ಇಲ್ಲೇ ಇದ್ದೀರಿ, ಇದನ್ನು ಕೇಳಿಸಿಕೊಂಡಿರಿ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬಚ್ಚಲು ಬಳಸಿದರೆ ಎಚ್‌ಐವಿ ಬರುವುದಿಲ್ಲ. ಮನೆಯಿಂದ ಹೊರಗೆ ಹಾಕಿದರೆ ಆ ಹುಡುಗಿ ಮಾತ್ರೆ ಬಿಡುತ್ತಾಳೆ, ವೈರಸ್ ಮತ್ತೆ ಏರುತ್ತದೆ.

ಒಬ್ಬ ಆಶಾ ಕಾರ್ಯಕರ್ತೆ, "ನಮ್ಮ ಏರಿಯಾದಲ್ಲಿ ಇಬ್ಬರಿದ್ದಾರೆ, ಮಾತಾಡಿಸಲು ಹೋದರೆ ಜನ ನನ್ನನ್ನೇ ಆಡಿಕೊಳ್ಳುತ್ತಾರೆ" ಅಂದರು. ಅವರ ಕಷ್ಟ ನಿಜ. ಮೊದಲ ದಿನವೇ ಕಾಂಡೋಮ್ ಹಿಡಿದುಕೊಂಡು ಹೋಗಬೇಡಿ ಅಂದೆ. ಬಿಪಿ, ಶುಗರ್ ನೋಡಲು ಹೋಗಿ. ಆಯುಷ್ಮಾನ್ ಕಾರ್ಡ್ ಆಗಿದೆಯಾ ಅಂತ ವಿಚಾರಿಸಿ. ಅವರಿಗೂ ಕೆಮ್ಮು, ನೆಗಡಿ, ಮಂಡಿ ನೋವು ಎಲ್ಲ ಇರುತ್ತದೆ. ಅದನ್ನು ಕೇಳುವವರೇ ಇಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಟ್ರಾನ್ಸ್ ಯುವಕ ಎದ್ದು, "ನಾನು ನಾಳೆ ಬಂದರೆ ಯಾರ ಹತ್ತಿರ ಹೋಗಬೇಕು? ಬಾಗಿಲಲ್ಲಿ ಏನಂತ ಹೇಳಬೇಕು?" ಅಂತ ಕೇಳಿದರು. ಸುರಕ್ಷಾ ಕ್ಲಿನಿಕ್‌ನ ಆಪ್ತ ಸಮಾಲೋಚಕರನ್ನು ನೋಡಬೇಕು ಅಂತ ಹೇಳಿ, ಕಾರಣ ಹೇಳಬೇಕಾಗಿಲ್ಲ ಅಂದೆ. ಸಮಾಲೋಚಕರು ಸಭೆಯಲ್ಲೇ ಇದ್ದರು. ಎದ್ದು ನಿಂತು ತಮ್ಮ ರೂಮು ಯಾವ ಕಡೆ, ಯಾವ ಹೊತ್ತಿನಲ್ಲಿ ಜನ ಕಡಿಮೆ ಅಂತ ವಿವರವಾಗಿ ಹೇಳಿದರು. ಮಧ್ಯಾಹ್ನ ಹನ್ನೆರಡರ ಮೇಲೆ ಬಂದರೆ ಸಾಲು ಇರುವುದಿಲ್ಲವಂತೆ.